8000 ಗ್ರಿಟ್ ಬೇಡ, ಮೊದಲು ಕಲ್ಲನ್ನು ಸಮತಟ್ಟು ಮಾಡಿ

ಒಂದು ಬದಿ 1000, ಇನ್ನೊಂದು ಬದಿ 6000 ಗ್ರಿಟ್ (ಕಣದ ನುಣುಪಿನ ಸಂಖ್ಯೆ, ಹೆಚ್ಚಾದಷ್ಟೂ ನುಣುಪು) ಇರುವ ವಾಟರ್‌ಸ್ಟೋನ್, ಅಂದರೆ ನೀರು ಹಾಕಿ ಮಸೆಯುವ ಕಲ್ಲಿನ ಮೇಲೆ ಎಷ್ಟು ಮಸೆದರೂ ಮರಗೆಲಸದ ಉಳಿಯ ಮೂಲೆಗಳು ಸವೆಯುತ್ತವೆ, ನಡುಭಾಗ ಮೊಂಡಾಗಿಯೇ ಇರುತ್ತದೆ, 8000ದ ಕಲ್ಲು ತರಬೇಕೆ ಎಂದು ಡೊಂಬಿವಲಿಯಿಂದ ಕೇಳಿದ್ದೀರಿ. ದಯವಿಟ್ಟು ಈಗಲೇ ತರಬೇಡಿ. ನೀವು ಹೇಳಿದ ಲಕ್ಷಣಕ್ಕೆ ಕಾರಣ ಕಲ್ಲಿನ ನಡುವೆ ಬಿದ್ದಿರುವ ತಗ್ಗು.

ಈ ಕಲ್ಲು ಮೃದು. ಹಳೆಯ ಕಣಗಳು ಉದುರಿ ಹೊಸವು ಮೇಲೆ ಬರುವುದರಿಂದಲೇ ಅದು ಬೇಗ ಮಸೆಯುತ್ತದೆ, ಅಷ್ಟೇ ಬೇಗ ಸವೆಯುತ್ತದೆ ಕೂಡ. ತಗ್ಗಾದ ಕಲ್ಲಿನ ಮೇಲೆ ಉಳಿಯ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿ, ಉಬ್ಬುತ್ತದೆ. ಬೆನ್ನು ಉಬ್ಬಿದರೆ ಎಷ್ಟು ನುಣುಪಾದ ಕಲ್ಲಿದ್ದರೂ ಅಂಚನ್ನು ಮುಟ್ಟುವುದಿಲ್ಲ.

ಮುಂಬೈಯ ನಾಗದೇವಿ ಸ್ಟ್ರೀಟ್‌ನ ಹಾರ್ಡ್‌ವೇರ್ ಅಂಗಡಿಗಳಲ್ಲಿ 220ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಕೇಳಿ. ದಪ್ಪ ಗಾಜಿನ ತುಂಡಿನ ಮೇಲೆ ಅದನ್ನು ನೀರು ಹಾಕಿ ಹಾಸಿ, ಕಲ್ಲಿನ ಮೈಮೇಲೆ ಪೆನ್ಸಿಲ್‌ನಿಂದ ಚೌಕಳಿ ಗೆರೆ ಎಳೆದು, ಗೆರೆಗಳೆಲ್ಲ ಅಳಿಯುವ ತನಕ ಕಲ್ಲನ್ನು ಕಾಗದದ ಮೇಲೆ ಉಜ್ಜಿ. ಪ್ರತಿ ಸಲ ಮಸೆಯುವ ಮೊದಲು ಇದನ್ನು ಮಾಡಲೇಬೇಕು. ಬೇಸರದ ಕೆಲಸವೆಂದು ಬಿಡುವವರೇ ಹೆಚ್ಚು, ಹಾಗೆ ಬಿಡುವುದೇ ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಆಮೇಲೆ ಉಳಿಯ ಬೆನ್ನು. ತುದಿಯ ಒಂದು ಅಂಗುಲವಾದರೂ 1000ದಲ್ಲಿ ಪೂರ್ತಿ ಚಪ್ಪಟೆಯಾಗಿ, 6000ದಲ್ಲಿ ಹೊಳೆಯಬೇಕು. ಇದನ್ನು ಒಮ್ಮೆ ಸರಿಯಾಗಿ ಮಾಡಿದರೆ ಮತ್ತೆ ಇಷ್ಟು ಶ್ರಮವಿಲ್ಲ. ಬಳಿಕ ಇಳಿಜಾರಿನ ಬದಿಯನ್ನು 1000ದಲ್ಲಿ ಮಸೆಯುತ್ತಾ ಹೋಗಿ. ಬೆನ್ನಿನ ಕಡೆಗೆ ಹೆಬ್ಬೆರಳನ್ನು ಅಂಚಿನಿಂದ ಆಚೆಗೆ ಸವರಿದಾಗ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೂ ಸಣ್ಣ ತರಿ, ಅಂದರೆ ಮಸೆದಾಗ ಆಚೆ ಬದಿಗೆ ಮಡಚಿಕೊಳ್ಳುವ ಲೋಹದ ಅಂಚು, ತಾಗಬೇಕು. ಅದು ತಾಗುವ ಮೊದಲು 6000ಕ್ಕೆ ಹೋದರೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ಕಲ್ಲಿನ ಮೇಲೆ ಏಳುವ ಕೆಸರನ್ನು ತೊಳೆಯಬೇಡಿ, ಮಸೆಯುವುದೇ ಅದು.

ಮುಂಬೈಯ ಓಶಿವಾರಾದಿಂದ ತಂದ ಹಳೆಯ ಸಾಗುವಾನಿ (ತೇಗ) ಬಳಸುತ್ತೇನೆ ಎಂದಿದ್ದೀರಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. 25 ಡಿಗ್ರಿಯ ಇಳಿಜಾರಿನ ತುದಿಗೆ 30 ಡಿಗ್ರಿಯ ಕಿರಿದಾದ ಅಂಚು ಕೊಟ್ಟರೆ ಬಾಳಿಕೆ ಹೆಚ್ಚು.

ನಮ್ಮ ಊರಿನ ಗಾಳಿ ಉಪ್ಪು, ಮಳೆಗಾಲದಲ್ಲಂತೂ ಒದ್ದೆಬಟ್ಟೆ ಒಣಗುವುದಿಲ್ಲ. ಮಸೆದ ಕೂಡಲೇ ಉಳಿಯನ್ನು ಒಣಬಟ್ಟೆಯಲ್ಲಿ ಒರೆಸಿ ಮೆಷಿನ್ ಎಣ್ಣೆ ಸವರಿ. ಕಲ್ಲನ್ನು ಬಕೆಟ್‌ನಲ್ಲಿ ಬಿಡಬೇಡಿ.

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯ ತುದಿಯನ್ನು ಅಡ್ಡನಾರಿನಲ್ಲಿ ಹೆರೆದು ನೋಡಿ. ನಾರು ಪುಡಿಯಾಗದೆ ನುಣ್ಣಗೆ ಕತ್ತರಿಸಿದರೆ ನಿಮ್ಮ 6000ವೇ ಸಾಕು. ಆಗದಿದ್ದರೆ ಬೆನ್ನಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.