ಹಳೇ ಬ್ರೌಸರ್‌ಗೆ ಎಷ್ಟು ದಿನ ಕಾಯೋದು?

ಪ್ರಶ್ನೆ: ನಾನು ವೆಬ್‌ಸೈಟ್ ಮಾಡಿಕೊಡುವವನು. ವಿಂಡೋಸ್ 7ರಲ್ಲಿ ಕ್ರೋಮ್ 109 ಬಳಸುವ ಗ್ರಾಹಕರು ಇನ್ನೂ ಇದ್ದಾರೆ. ಅವರನ್ನು ಕೈಬಿಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಬಿಡಬಹುದು, ಆದರೆ ಒಂದೇ ಏಟಿಗೆ ಬೇಡ. ವಿಂಡೋಸ್ 7ಕ್ಕೆ 109ರ ನಂತರದ ಕ್ರೋಮ್ ಬಂದೇ ಇಲ್ಲ. ಅದು 2023ರ ಮಾತು. ಮೊದಲು ಸರ್ವರ್ ಲಾಗ್, ಅಂದರೆ ಸೈಟಿಗೆ ಯಾವ ಬ್ರೌಸರ್‌ನಿಂದ ಭೇಟಿ ಬಂತು ಅನ್ನುವ ದಾಖಲೆ, ನೋಡಿ. ಎಷ್ಟು ಜನ ಅನ್ನುವುದಕ್ಕಿಂತ ಯಾರು ಅನ್ನುವುದು ಮುಖ್ಯ. ಹಿಂದೊಮ್ಮೆ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸುವವರು ಒಬ್ಬರೇ ಅಲ್ವಾ ಅಂತ ನಾನು ಬೆಂಬಲ ತೆಗೆದುಬಿಟ್ಟೆ. ಆ ಒಬ್ಬರೇ ನಮ್ಮ ಬಿಲ್ ಪಾಸ್ ಮಾಡುವ ಅಕೌಂಟೆಂಟ್! ಚೆಕ್ ಕೈಗೆ ಬರಲು ಒಂದು ತಿಂಗಳು ಜಾಸ್ತಿ ಹಿಡಿಯಿತು. ಹಳೇ ಬ್ರೌಸರ್‌ನಲ್ಲಿ ಅಲಂಕಾರ ಕೆಟ್ಟರೆ ಕೆಡಲಿ, ಫಾರ್ಮ್ ತುಂಬಿ ಕಳಿಸಲು ಬಂದರೆ ಸಾಕು. ಹಣ ಕಟ್ಟುವ ಪುಟದಲ್ಲಿ ಮಾತ್ರ ಈ ಉದಾರತೆ ಬೇಡ. ಅಲ್ಲಿ ಹಳೇ ಬ್ರೌಸರ್‌ಗೆ ಬೆಂಬಲ ನಿಲ್ಲಿಸುವ ದಿನಾಂಕವನ್ನು ಮೂರು ತಿಂಗಳು ಮೊದಲೇ ಹಾಕಿ.