ಬಾಲ್ಯದಲ್ಲಿ ಬ್ರಿಟನ್ನಿನಿಂದ ಕೆನಡಾಕ್ಕೆ ಕಳುಹಿಸಲ್ಪಟ್ಟ ಮುತ್ತಜ್ಜನ ಮೂಲವನ್ನು ಹುಡುಕುವುದು ಹೇಗೆ?

ಮೊದಲು ಅವರು ಬಂದ ಹಡಗನ್ನು ಹುಡುಕಿ. ಹಡಗಿನಿಂದ ಕಳುಹಿಸಿದ ಸಂಸ್ಥೆ ಗೊತ್ತಾಗುತ್ತದೆ, ಸಂಸ್ಥೆಯ ಕಡತದಿಂದ ಕುಟುಂಬ.

ಈ ದಾರಿ ಫಲಿಸಲು ಕಾರಣವಿದೆ. 1869ರಿಂದ ಸುಮಾರು ಒಂದು ಲಕ್ಷ ಬ್ರಿಟಿಷ್ ಮಕ್ಕಳನ್ನು ಕೆನಡಾಕ್ಕೆ ಕಳುಹಿಸಿದ್ದು ಬಾರ್ನಾರ್ಡೋಸ್‌ನಂತಹ ದತ್ತಿ ಸಂಸ್ಥೆಗಳು. ಮಕ್ಕಳು ಒಬ್ಬೊಬ್ಬರಾಗಿ ಹೋಗಲಿಲ್ಲ, ತಂಡವಾಗಿ ಹೋದರು. ಹಾಗಾಗಿ ಪ್ರಯಾಣಿಕರ ಪಟ್ಟಿಯಲ್ಲಿ ಅವರ ಹೆಸರುಗಳು ಸಾಮಾನ್ಯವಾಗಿ ಒಟ್ಟಿಗೇ ಸಿಗುತ್ತವೆ. ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹವಾದ ‘ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾ’ದ ಜಾಲತಾಣದಲ್ಲಿ ಈ ಹೆಸರುಗಳನ್ನು ಉಚಿತವಾಗಿ ಹುಡುಕಬಹುದು. ಆದರೆ ಪಟ್ಟಿಯಲ್ಲಿನ ಕಾಗುಣಿತವನ್ನು ಪೂರ್ತಿ ನಂಬಬೇಡಿ, ವಯಸ್ಸನ್ನೂ ಅಷ್ಟೇ: ಬರೆದುಕೊಂಡ ಗುಮಾಸ್ತನ ಕಿವಿಗೆ ಕೇಳಿಸಿದ್ದೇ ಅಲ್ಲಿ ಹೆಸರು.

ನಿಜವಾದ ನಿಧಿ ಸಂಸ್ಥೆಯ ಕಡತ. ಮಗುವನ್ನು ಯಾರು ತಂದು ಬಿಟ್ಟರು, ತಂದೆತಾಯಿ ಯಾರು, ಮನೆಯ ಸ್ಥಿತಿ ಹೇಗಿತ್ತು ಎಂಬುದೆಲ್ಲ ಅದರಲ್ಲಿರಬಹುದು; ಬಾರ್ನಾರ್ಡೋಸ್ ಮಕ್ಕಳದಾದರೆ ಅನೇಕ ಬಾರಿ ಭಾವಚಿತ್ರವೂ. ಇವು ಖಾಸಗಿ ದಾಖಲೆಗಳಾದ್ದರಿಂದ ನೀವು ವಂಶಸ್ಥರೆಂದು ತೋರಿಸಿ ಅರ್ಜಿ ಹಾಕಬೇಕಾಗುತ್ತದೆ. ಜನನ, ಮದುವೆ, ಮರಣ ಪತ್ರಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ.

ಇನ್ನೊಂದು ಮಾತು: ಮನೆಯಲ್ಲಿ ‘ಅವರು ಅನಾಥರು’ ಎಂದು ಕೇಳಿ ಬೆಳೆದಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ. ಹೀಗೆ ಹೋದ ಅನೇಕ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದರು; ಸಾಕಲಾಗದ ಬಡತನವಷ್ಟೇ ಇತ್ತು. ಆದ್ದರಿಂದ ಬ್ರಿಟನ್ನಿನ ಜನಗಣತಿಯಲ್ಲಿ ಒಡಹುಟ್ಟಿದವರನ್ನೂ ಹುಡುಕಿ.