ಶಿಶುವಿಹಾರದ ಕಟ್ಟಡಕ್ಕೆ ಮೊದಲು ಬೇಕಿರುವುದು ಸೋಲಾರ್ ಅಲ್ಲ

ಪ್ರಶ್ನೆ: ನಮ್ಮ ಬಡಾವಣೆಯವರೆಲ್ಲ ಸೇರಿ 40 ಮಕ್ಕಳಿಗೆ ಪರಿಸರಸ್ನೇಹಿ ಶಿಶುವಿಹಾರ ಕಟ್ಟಬೇಕೆಂದಿದ್ದೇವೆ. ಬೇಸಿಗೆಯಲ್ಲಿ ಸೆಕೆ ಹೆಚ್ಚು, ಮಳೆಯೂ ಜೋರು. ಮಣ್ಣಿನ ಬ್ಲಾಕ್ ಗೋಡೆ, ಸೋಲಾರ್ ಎರಡೂ ಬೇಕೆಂಬ ಆಸೆ ಇದೆ, ಹಣ ಮಾತ್ರ ಬಿಗಿ. ಯಾವುದರಿಂದ ಶುರು ಮಾಡುವುದು?

ಉತ್ತರ: ನಿವೇಶನದಲ್ಲಿ ಕಟ್ಟಡವನ್ನು ಹೇಗೆ ಕೂರಿಸುತ್ತೀರಿ ಎಂಬುದರಿಂದ. ಅದಕ್ಕೆ ಖರ್ಚಿಲ್ಲ, ಆದರೆ ಪಾಯ ತೋಡಿದ ಮೇಲೆ ತಿದ್ದಲು ಬರುವುದಿಲ್ಲ. ಉದ್ದ ಪೂರ್ವ-ಪಶ್ಚಿಮವಾಗಿರಲಿ, ಕಿಟಕಿಗಳು ಉತ್ತರ-ದಕ್ಷಿಣದ ಗೋಡೆಗಳಲ್ಲಿ ಎದುರುಬದುರು ಬರಲಿ. ಸಂಜೆ ಬಿಸಿಲು ಓರೆಯಾಗಿ ಬೀಳುವುದರಿಂದ ಪಶ್ಚಿಮದ ಕಿಟಕಿಗೆ ಸಜ್ಜಾ ಹಾಕಿಸಿಯೂ ಹೆಚ್ಚು ಪ್ರಯೋಜನವಿಲ್ಲ. ಆ ಬದಿಗೆ ಶೌಚಾಲಯ, ಉಗ್ರಾಣ ಇಡಿ.

ಮಗುವಿಗೆ 2.5 ಚದರ ಮೀಟರ್‌ನಂತೆ ಹಿಡಿದರೆ ಆಟಪಾಠಕ್ಕೇ 100 ಚದರ ಮೀಟರ್ ಬೇಕು. ಒಂದೇ ಹಾಲ್ ಬೇಡ, ಗದ್ದಲಕ್ಕೆ ಯಾವ ಮಗುವೂ ನಿದ್ದೆ ಮಾಡದು. ಎರಡು ಕೋಣೆ ಮಾಡಿ. ಕಿಟಕಿಯ ಕೆಳ ಅಂಚು ನೆಲದಿಂದ 50–60 ಸೆಂ.ಮೀ. ಎತ್ತರದಲ್ಲಿರಲಿ. ಮೇಸ್ತ್ರಿಗಳು ರೂಢಿಯಂತೆ 90 ಸೆಂ.ಮೀ.ಗೆ ಇಟ್ಟುಬಿಡುತ್ತಾರೆ, ಆಗ ಗಾಳಿ ಮಕ್ಕಳ ತಲೆಯ ಮೇಲೆಯೇ ಹಾದುಹೋಗಿ, ಚಾಪೆಯ ಮೇಲೆ ಮಲಗಿದ ಮಗು ಬೆವರುತ್ತದೆ. ಗ್ರಿಲ್ ಸರಳುಗಳು ನೇರವಾಗಿ ನಿಂತಿರಲಿ, ಸಂದು 9 ಸೆಂ.ಮೀ. ಮೀರದಿರಲಿ. ಅಡ್ಡ ಸರಳಾದರೆ ಮಕ್ಕಳು ಹತ್ತುತ್ತಾರೆ. ಬಿಸಿಗಾಳಿ ಹೊರಹೋಗಲು ಸೂರಿನಡಿ ವೆಂಟಿಲೇಟರ್ ಇರಲೇಬೇಕು.

ಮಣ್ಣಿನ ಬ್ಲಾಕ್, ಅಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಅಚ್ಚಿನಲ್ಲಿ ಒತ್ತಿದ, ಸುಡದ ಇಟ್ಟಿಗೆ, ಒಳ್ಳೆಯ ಆಯ್ಕೆ. ಆದರೆ ನಿಮ್ಮ ಮಣ್ಣು ಅದಕ್ಕೆ ಒಗ್ಗುತ್ತದೆಯೇ ಎಂದು ಮೊದಲು ನೋಡಿ. ಮೇಲಿನ ಒಂದಡಿ ಮಣ್ಣು ತೆಗೆದು, ಅದರಡಿಯ ಮಣ್ಣನ್ನು ಗಾಜಿನ ಜಾಡಿಯ ಮೂರನೇ ಒಂದು ಭಾಗಕ್ಕೆ ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಜೇಡಿ ಕೊನೆಗೆ ಕೂರುತ್ತದೆ. ತಳದಲ್ಲಿ ಕೂತ ಒಟ್ಟು ಮಣ್ಣಿನಲ್ಲಿ ಮರಳಿನ ಪದರ ಮೂರನೇ ಎರಡರಷ್ಟಿದ್ದರೆ ಚಿಂತೆಯಿಲ್ಲ. ಜೇಡಿ ಐದನೇ ಒಂದು ಭಾಗ ಮೀರಿದರೆ ಬ್ಲಾಕ್ ಒಣಗುವಾಗ ಬಿರುಕು ಬಿಡುತ್ತದೆ, ಮರಳು ಬೆರೆಸಿ. ಸಿಮೆಂಟ್ ಶೇ 6–8 ಸಾಕು. ಒತ್ತಿದ ಬ್ಲಾಕುಗಳನ್ನು ನೆರಳಲ್ಲಿ ಮುಚ್ಚಿಟ್ಟು ಮೂರು ವಾರ ನೀರುಣಿಸಿ. ಅವಸರಪಟ್ಟರೆ ಅಂಚು ಪುಡಿಯಾಗುತ್ತದೆ.

ಈ ಗೋಡೆ ಹಾಳಾಗುವುದು ಹೆಚ್ಚಾಗಿ ಬುಡದಲ್ಲೇ. ಚಾವಣಿಯ ನೀರು ನೆಲಕ್ಕೆ ಬಡಿದು ಗೋಡೆಗೆ ಸಿಡಿಯುತ್ತದೆ. ಆದ್ದರಿಂದ ಬುಡದ 45 ಸೆಂ.ಮೀ. ಕಲ್ಲಿನಲ್ಲಿ ಕಟ್ಟಿಸಿ, ಸೂರು 75–90 ಸೆಂ.ಮೀ. ಮುಂದೆ ಚಾಚಲಿ. ಗಟ್ಟಿ ಸಿಮೆಂಟ್ ಗಾರೆ ಬೇಡ: ತೇವ ಹೊರಬರಲಾರದೆ ಗಾರೆ ಉಬ್ಬಿ ಚಕ್ಕೆ ಏಳುತ್ತದೆ. ಸುಣ್ಣದ ಗಾರೆ ಒಳ್ಳೆಯದು.

ಬಣ್ಣದ ಡಬ್ಬಿಯ ಮೇಲೆ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಿಲ್ಲವೆಂಬ ಬರಹ ಇಲ್ಲದಿದ್ದರೆ ಕೊಳ್ಳಲೇಬೇಡಿ. ಮಕ್ಕಳು ಚಕ್ಕೆ ಕಿತ್ತು ಬಾಯಿಗೆ ಹಾಕುತ್ತಾರೆ, ಸೀಸ ಅವರ ಮಿದುಳಿಗೇ ಕೆಡುಕು ಮಾಡುತ್ತದೆ. ಬಣ್ಣ, ಪ್ಲೈವುಡ್ ಕೆಲಸ ಮುಗಿದ ಮೇಲೂ ಮೂರು ವಾರ ಕಿಟಕಿ ತೆರೆದಿಟ್ಟು, ಆಮೇಲಷ್ಟೇ ಮಕ್ಕಳನ್ನು ಕರೆತನ್ನಿ.

ಬರೀ ತಗಡಿನ ಚಾವಣಿ ಬಿಸಿಲಿಗೆ ಕಾದು ಬಿಸಿಯಾಗುತ್ತದೆ, ಮಳೆ ಬಂದರೆ ಟೀಚರ್ ಮಾತೂ ಕೇಳಿಸದು. ಹೆಂಚು ಹೊದಿಸಿ ಒಳಗೆ ಸೀಲಿಂಗ್ ಕೊಡಿ. 100 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 1,600 ಲೀಟರ್ ಸಿಗುತ್ತದೆ. ಮೊದಲ 200 ಲೀಟರ್ ಕೊಳೆನೀರು ಹೊರಹೋಗಲಿ. ಉಳಿದದ್ದು ಶೌಚಾಲಯಕ್ಕೆ, ಗಿಡಗಳಿಗೆ. ತೊಟ್ಟಿಯ ಮುಚ್ಚಳಕ್ಕೆ ಬೀಗ ಕಡ್ಡಾಯ.

ಸೋಲಾರ್ ಕೊನೆಗೆ. 75 ವ್ಯಾಟ್‌ನ ಆರು ಫ್ಯಾನ್‌ಗೆ 450 ವ್ಯಾಟ್ ಬೇಕು, ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಸುಮಾರು 180 ಸಾಕು. ಪ್ಯಾನೆಲ್ ಅಷ್ಟು ಚಿಕ್ಕದಾಗುತ್ತದೆ. ಸದ್ಯಕ್ಕೆ ಚಾವಣಿಯಿಂದ ಸ್ವಿಚ್‌ಬೋರ್ಡಿಗೆ ಖಾಲಿ ಪೈಪೊಂದನ್ನು ಹಾಕಿಸಿಡಿ. ಹಣ ಕೂಡಿದಾಗ ಗೋಡೆ ಒಡೆಯದೆ ವೈರ್ ಎಳೆಯಬಹುದು.